ಕಿಣ್ವದ ಪುಡಿ ಮತ್ತು ನಾನು ಬರೆದ ಕಾಗದ

ನಿವೃತ್ತನಾಗಿ ಮೂರು ವರ್ಷವಾದರೂ ಆಗೀಗ ಯಾರಾದರೂ ಹೊಸಬರು ಫೋನ್ ಮಾಡುತ್ತಾರೆ. ಎಮ್ಮೆಸ್ಸಿ ಮುಗಿಸಿ ಈಗಷ್ಟೇ ಎಸ್ಟರ್ ಕಾರಖಾನೆಗೆ ಸೇರಿದವರು. "ಸರ್, ಲೈಪೇಸ್ ಕೂಡಿಸಿದ ಮಣಿ ಎಷ್ಟು ಬ್ಯಾಚ್ ಬಾಳತಾವ್ರಿ?" ಎಂದು ಎಲ್ಲರೂ ಕೇಳುತ್ತಾರೆ. ನನಗೆ ತಿಳಿದದ್ದನ್ನು ಹೇಳುತ್ತೇನೆ. ಆದರೆ ಆ ಮಣಿಯನ್ನು ಒಣಗಿಸಿ ಸೋಸುವವರು ಎಷ್ಟು ವರ್ಷ ಬಾಳುತ್ತಾರೆ ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಕೆಲಸದಲ್ಲಿದ್ದಾಗ ನಾನೂ ಕೇಳಲಿಲ್ಲ. ಅದಕ್ಕೇ ಇದನ್ನು ಬರೆಯಲು ಕುಳಿತೆ. ಬಡ್ತಿ, ಸತ್ಕಾರದ ಸುದ್ದಿ ಇಲ್ಲಿ ಸಿಗುವುದಿಲ್ಲ. ಬೇಕಾದವರು ಬೇರೆ ಯಾರನ್ನಾದರೂ ಹಿಡಿಯಲಿ.

ನಾನು ಚೌಗುಲೆ. ನಮ್ಮದು ಮ್ಹೈಸಾಳದ ಕಡೆಯ ಜೈನ ಮನೆತನ. ಮನೆಯಲ್ಲಿ ಕನ್ನಡ, ಕಾರಖಾನೆಯಲ್ಲಿ ಮರಾಠಿ, ರಿಪೋರ್ಟಿನಲ್ಲಿ ಇಂಗ್ಲಿಷ್, ಹೀಗೆ ಮೂರು ದೋಣಿಯಲ್ಲಿ ಕಾಲಿಟ್ಟು ಬದುಕಿದವನು. ಮಿರಜದ ಹೊರಗಿನ ಕಾರಖಾನೆಯೊಂದರಲ್ಲಿ ಕೆಲಸ ಮಾಡಿದೆ. ಅದರ ಹೆಸರು ಬೇಡ. ಕೊಬ್ಬಿನ ಆಮ್ಲಕ್ಕೆ ಮದ್ಯಸಾರ ಸೇರಿಸಿದರೆ ಎಣ್ಣೆಯಂಥ ಒಂದು ದ್ರವವಾಗುತ್ತದೆ, ಅದೇ ಎಸ್ಟರ್. ನೀವು ಮುಖಕ್ಕೆ ಹಚ್ಚುವ ಕ್ರೀಮು ಜಿಗುಟಾಗದೆ ಜಾರುತ್ತದಲ್ಲ, ಬಹುಪಾಲು ಅದರದೇ ಪುಣ್ಯ.

ನಾನು ಸೇರಿದಾಗ ಗಂಧಕಾಮ್ಲ ಸುರಿದು, ಭಟ್ಟಿಯಂತೆ ಕಾಯಿಸಿ ಎಸ್ಟರ್ ಮಾಡುತ್ತಿದ್ದರು. ಮಾಲು ಕಂದಾಗುತ್ತಿತ್ತು, ಸುಟ್ಟ ವಾಸನೆ ಬರುತ್ತಿತ್ತು, ತೊಳೆದು ತೊಳೆದು ಸಾಕಾಗುತ್ತಿತ್ತು. ನನ್ನ ಮೇಲಧಿಕಾರಿ ಕುಲಕರ್ಣಿ ಸಾಹೇಬರು ಅಥಣಿ ಕಡೆಯವರು, ಆಮ್ಲದಲ್ಲೇ ತಲೆ ಹಣ್ಣಾದವರು. ಅವರ ಒಂದು ಅಂಗಿಯೂ ತೂತಿಲ್ಲದ್ದು ನಾನು ನೋಡಲಿಲ್ಲ. ಒಂದು ಹನಿ ಬೆರಳಿಗೆ ಹಚ್ಚಿ ಮೂಸಿ, ಬ್ಯಾಚು ಆಯಿತೋ ಇಲ್ಲವೋ ಹೇಳುತ್ತಿದ್ದರು. ಪ್ರಯೋಗಾಲಯದ ಉತ್ತರ ಬರುವ ಹೊತ್ತಿಗೆ ಅವರು ಚಹಾ ಮುಗಿಸಿರುತ್ತಿದ್ದರು, ಮತ್ತು ಅವರ ಮಾತು ತಪ್ಪುತ್ತಿದ್ದುದು ಅಪರೂಪ.

ಆಮೇಲೆ ಮುಂಬೈಯ ಗಿರಾಕಿಗಳು ನೀರಿನಂತೆ ತಿಳಿಯಾದ, ವಾಸನೆಯಿಲ್ಲದ ಮಾಲು ಬೇಕೆಂದು ಹಟ ಹಿಡಿದರು. ಆಮ್ಲದಿಂದ ಅದು ಆಗುವ ಮಾತಲ್ಲ. ಆಗ ನಾನು ಮಾಲಕರ ಮುಂದೆ ಲೈಪೇಸಿನ ಮಾತು ತೆಗೆದೆ. ಲೈಪೇಸ್ ಒಂದು ಕಿಣ್ವ. ನಮ್ಮ ಹೊಟ್ಟೆಯಲ್ಲಿ ಕೊಬ್ಬನ್ನು ಒಡೆಯುವುದು ಅದೇ. ನೀರಿನ ಅಂಶ ತೀರ ಕಡಿಮೆ ಇಟ್ಟರೆ ಅದೇ ಕಿಣ್ವ ಒಡೆಯುವುದನ್ನು ಬಿಟ್ಟು ಜೋಡಿಸತೊಡಗುತ್ತದೆ. ಹೆಚ್ಚು ಕಾಯಿಸಬೇಕಿಲ್ಲ, ಬಣ್ಣ ಕೆಡುವುದಿಲ್ಲ. ಆದರೆ ಬರೀ ಪುಡಿಯನ್ನು ಹಾಕಿದರೆ ಮಾಲಿನಲ್ಲಿ ಮುದ್ದೆಯಾಗಿ ಕೂಡುತ್ತದೆ, ಮತ್ತೆ ಕೈಗೆ ಸಿಗುವುದಿಲ್ಲ. ಆದ್ದರಿಂದ ಅದನ್ನು ರಾಜಗಿರಿ ಕಾಳಿನಷ್ಟು ಸಣ್ಣ ರಾಳದ ಮಣಿಗಳ ತೂತುಗಳಲ್ಲಿ ಹಿಡಿದು ಕೂಡಿಸಬೇಕು. ಅದೇ ಮಣಿಯನ್ನು ಮತ್ತೆ ಮತ್ತೆ ಬಳಸಬಹುದು.

"ಅಂದ್ರ ಹೆಪ್ಪು ಹಾಕೂದು ಅನ್ನು," ಎಂದರು ಕುಲಕರ್ಣಿ ಸಾಹೇಬರು. "ಚೌಗುಲೆ, ನಾವು ಇಲ್ಲಿ ಕಾರಖಾನಿ ನಡಸ್ತೀವೋ, ಮೊಸರ ಮಾರತೀವೋ?"

ಮೊದಲ ಬ್ಯಾಚಿನಲ್ಲೇ ನನ್ನ ಮಾನ ಹೋಯಿತು. ಆ ಮಣಿಗೆ ನೀರೆಂದರೆ ಆಗುವುದಿಲ್ಲ. ಮೊದಲು ಮದ್ಯಸಾರದಲ್ಲಿ ತೋಯಿಸಿ ಒಳಗಿನ ಗಾಳಿ ಬಿಡಿಸಿ, ಆಮೇಲೆ ಕಿಣ್ವದ ನೀರಿಗೆ ಹಾಕಬೇಕು. ನಾನು ಪುಸ್ತಕದ ಆ ಸಾಲನ್ನು ಓದಿ ಮರೆತಿದ್ದೆ. ಒಣ ಮಣಿಯನ್ನು ಸೀದಾ ಸುರಿದೆ. ಇಡೀ ಪಾಳಿ ತಿರುಗಿಸಿದರೂ ಮಣಿ ಮೇಲೆ ತೇಲುತ್ತಲೇ ಇತ್ತು. ಕಿಣ್ವ ನೀರಿನಲ್ಲೇ ಉಳಿಯಿತು, ಆ ನೀರನ್ನು ನಾನೇ ಗಟಾರಕ್ಕೆ ಬಿಡಿಸಿದೆ. ಉಳಿದ ನೀರಿಗೆ ಒಂದು ಹನಿ ಬಣ್ಣ ಹಾಕಿ ನೋಡಿದ್ದರೆ ನೀಲಿ ಏರಿ, ಕಿಣ್ವ ಇನ್ನೂ ಅಲ್ಲೇ ಇದೆ ಎಂದು ತೋರಿಸುತ್ತಿತ್ತು. ನೋಡಲಿಲ್ಲ. ಸಾಹೇಬರು ಗಟಾರದ ದಂಡೆಯ ಮೇಲೆ ನಿಂತು, "ಆತಪಾ, ಹೊಳಿಯೊಳಗ ಹುಣಸಿಹಣ್ಣ ತೊಳದಂಗಾತು," ಎಂದರು. ಒಂದು ತಿಂಗಳು ಎಲ್ಲರೂ ನನ್ನನ್ನು ಹುಣಸಿಹಣ್ಣು ಎಂದೇ ಕರೆದರು.

ಎರಡನೆಯ ಸಲ ಮಣಿ ಚೆನ್ನಾಗಿ ಬಂತು. ಆದರೆ ಅದನ್ನು ಹಳೆಯ ಆಮ್ಲದ ಪಾತ್ರೆಯಲ್ಲೇ ಹಾಕಿ, ಹಳೆಯ ರೆಕ್ಕೆಯಿಂದಲೇ ಜೋರಾಗಿ ತಿರುಗಿಸಿದೆವು. ಹದಿನೈದು ದಿನದ ಕೆಲಸ ಒಂದು ಮಧ್ಯಾಹ್ನದಲ್ಲಿ ಹಿಟ್ಟಾಗಿ, ಸೋಸುವ ಬಟ್ಟೆಗೆ ಮೆತ್ತಿಕೊಂಡಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆಮೇಲೆ ನಾವು ತಿರುಗಿಸುವುದನ್ನೇ ಬಿಟ್ಟು, ಮಣಿಯನ್ನು ಉದ್ದನೆಯ ಕೊಳವೆಯಲ್ಲಿ ತುಂಬಿ, ಮಾಲನ್ನು ಅದರ ಮೂಲಕ ಹರಿಸುವುದನ್ನು ಕಲಿತೆವು.

ಇನ್ನೊಂದು ಸಂಗತಿ ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಶುರುವಿಗೆ ಸಿಗುತ್ತಿದ್ದ ಸೋವಿ ಲೈಪೇಸು ಹಂದಿಯ ಗ್ರಂಥಿಯದು. ನನ್ನ ಅವ್ವ ನೀರನ್ನು ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯನ್ನು ಬಾವಿಯ ನೀರಿನಲ್ಲೇ ಅದ್ದಿ ಹುಳಗಳನ್ನು ವಾಪಸು ಬಿಡುತ್ತಿದ್ದವಳು. ಅವಳಿಗೆ ಹೇಗೆ ಹೇಳುವುದು? "ಬೂಷ್ಟಿನಿಂದ ತಗೀತಾರಬೇ" ಎಂದುಬಿಟ್ಟೆ. ಆರು ತಿಂಗಳಲ್ಲಿ ನಿಜವಾಗಿಯೂ ಬೂಷ್ಟಿನ ಲೈಪೇಸಿಗೆ ಬದಲಾಯಿಸಿದೆವು, ನನ್ನ ಸುಳ್ಳು ತಾನಾಗಿ ಸತ್ಯವಾಯಿತು. ಅಷ್ಟರಿಂದಲೇ ನನಗೆ ಒಂದು ಕೆಟ್ಟ ಚಾಳಿ ಅಂಟಿತೆಂದು ಈಗ ಅನ್ನಿಸುತ್ತದೆ. ಸ್ವಲ್ಪ ದಿನ ಮುಚ್ಚಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ಧೈರ್ಯ ಬಂದುಬಿಟ್ಟಿತು.

ಕೊಳವೆಯ ಪದ್ಧತಿ ಬಂದ ಮೇಲೆ ಒಂದು ಹೊಸ ಕೆಲಸ ಹುಟ್ಟಿತು. ಮಣಿಯನ್ನು ಚೆನ್ನಾಗಿ ಒಣಗಿಸಬೇಕು, ನುಚ್ಚು ಪುಡಿಯನ್ನು ಜರಡಿ ಹಿಡಿದು ತೆಗೆಯಬೇಕು. ಇಲ್ಲದಿದ್ದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಅದಕ್ಕೆ ಒಂದು ಸಣ್ಣ ಖೋಲಿ ಮಾಡಿದೆವು. ಮಳೆಗಾಲದಲ್ಲಿ ಹಸಿ ಗಾಳಿ ಬಂದು ಮಣಿ ತೇವವಾಗಬಾರದೆಂದು ಕಿಟಕಿಯ ಸಂದಿಗೆ ನನ್ನ ಕೈಯಿಂದಲೇ ಟೇಪು ಅಂಟಿಸಿದೆ. ಗಾಳಿ ಹೊರಗೆಳೆಯುವ ಪಂಖಾ ಹಗುರ ಮಣಿಯನ್ನೂ ಎಳೆದೊಯ್ಯುತ್ತದೆಂದು ಅದನ್ನೂ ಬಂದ್ ಮಾಡಿಸಿದೆ. ಆ ಖೋಲಿಯಲ್ಲಿ ಕೂಡಲು ಮಂಗಲಕ್ಕ ಬಂದಳು.

ಮಂಗಲಕ್ಕ ಸಾಂಗ್ಲಿವಾಡಿಯವಳು. ದಿನಾ ಬೆಳಿಗ್ಗೆ ಸೇತುವೆ ದಾಟಿ, ಸಾಂಗ್ಲಿಯಿಂದ ಶೇರ್ ರಿಕ್ಷಾ ಹಿಡಿದು ಬರುತ್ತಿದ್ದಳು. ಗಂಡ ಮಾಧವನಗರದ ಗಿರಣಿಯಲ್ಲಿದ್ದವ, ಗಿರಣಿ ನಿಂತ ಮೇಲೆ ಅವನ ಕೈಗೆ ನೆಟ್ಟಗೆ ಕೆಲಸವಿರಲಿಲ್ಲ. ನಮ್ಮಲ್ಲಿಗೆ ಬರುವ ಮೊದಲು ಅವಳು ಸಾಂಗ್ಲಿಯ ಹಳದಿ ಬಾಜಾರದಲ್ಲಿ ಅರಿಶಿನದ ಕೊಂಬು ಸ್ವಚ್ಛ ಮಾಡುತ್ತಿದ್ದಳು. ಜರಡಿ ಹಿಡಿಯುವುದರಲ್ಲಿ ಅವಳನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಒಂದು ಚಿಟಿಕೆ ಮಣಿಯನ್ನು ಬೆರಳಲ್ಲಿ ಉಜ್ಜಿ, "ಇನ್ನೂ ಹಸಿ ಐತ್ರಿ ಸಾಹೇಬ್ರ, ಒಂದ್ ತಾಸ ಬಿಡ್ರಿ," ಎನ್ನುತ್ತಿದ್ದಳು. ಯಂತ್ರದಲ್ಲಿ ತೇವ ಅಳೆದರೆ ಅವಳ ಮಾತೇ ಸರಿ ಇರುತ್ತಿತ್ತು. ಕಿಣ್ವದ ಪುಡಿಯ ಚೀಲ ಬಿಚ್ಚಿ ಬಕೆಟ್ಟಿಗೆ ಸುರಿಯುವುದೂ ಅವಳದೇ ಕೆಲಸ. ಸುರಿದಾಗ ಬೆಳಕಿನಲ್ಲಿ ಹೊಗೆಯಂತೆ ಪುಡಿ ಏಳುತ್ತಿತ್ತು. ನೋಡುತ್ತ ಬಾಗಿಲಲ್ಲಿ ನಿಂತಿರುತ್ತಿದ್ದೆ. ಒಳಗೆ ಹೋಗುತ್ತಿದ್ದುದು ಕಡಿಮೆ.

ವರ್ಷದೊಳಗೆ ಅವಳಿಗೆ ಕೆಮ್ಮು ಹತ್ತಿತು. ಮೂಗು ಸೋರುವುದು, ಕಣ್ಣು ಕೆಂಪಾಗುವುದು, ಆಮೇಲೆ ಎದೆ ಬಿಗಿಯುವುದು. ನಮ್ಮಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಸಾಂಗ್ಲಿಯಲ್ಲಿ ಹಳದಿ ಧೂಳು ತಿಂದವರು ಕೆಮ್ಮಿದರೆ ಯಾರಾದರೂ ಆಶ್ಚರ್ಯಪಡುತ್ತಾರೆಯೇ? "ಹಳದಿ ಹಳೇದು, ಈಗ ಹೊರಗ ಬರಾಕತ್ತೈತಿ" ಎಂದು ಅವಳ ಜೊತೆಯವರೇ ಹೇಳಿದರು. ಬಾಜಾರದ ಹಮಾಲರಿಗೆ ಧೂಳಿನ ಮದ್ದೆಂದು ಬೆಲ್ಲ ಕೊಡುವ ರೂಢಿಯಿತ್ತು. ಮಾಲಕರು ನಮ್ಮಲ್ಲೂ ಸಂಜೆ ಅವಳಿಗೊಂದು ಬೆಲ್ಲದ ಹೆಂಟೆ ಕೊಡಲು ಹೇಳಿದರು. ಆ ಬೆಲ್ಲವನ್ನು ನಾನೇ ಕೈಯಾರೆ ಕೊಡುತ್ತಿದ್ದೆ, ದೊಡ್ಡ ಉಪಕಾರ ಮಾಡಿದವನಂತೆ. ಅವಳು ಅದನ್ನು ಸೆರಗಿಗೆ ಕಟ್ಟಿಕೊಂಡು ಮನೆಯ ಮಕ್ಕಳಿಗೆ ಒಯ್ಯುತ್ತಿದ್ದಳು.

ಒಂದು ದಿನ ಅವಳು ನನ್ನನ್ನು ಬಾಗಿಲಲ್ಲಿ ತಡೆದು ಕೇಳಿದಳು. "ಸಾಹೇಬ್ರ, ಸೂಟಿ ದಿವಸ ನನಗ ಏನೂ ಆಗೂದಿಲ್ರಿ. ದೀಪಾವಳಿಗೆ ಎಂಟ ದಿನ ಮನ್ಯಾಗಿದ್ದೆ, ಎದಿ ಹೂವಿನಂಗ ಹಗುರ ಇತ್ತ್ರಿ. ಬಂದು ಈ ಚೀಲ ಬಿಚ್ಚೂದ ತಡ, ಮತ್ತ ಹಿಡಿತೈತಿ. ಈ ಪುಡಿದು ಏನಾರ ಇರಬೇಕೇನ್ರಿ?"

"ಹಂಗೇನಿಲ್ಲ ಮಂಗಲಕ್ಕ. ಇದು ಹೊಟ್ಟ್ಯಾಗಿರೂ ವಸ್ತು. ಎಲ್ಲಾರ ಹೊಟ್ಟ್ಯಾಗೂ ಇರತೈತಿ," ಎಂದೆ.

ಹೊಟ್ಟೆಯಲ್ಲಿರುವುದು ಎದೆಗೆ ಹೋದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಈ ಒಂದು ಮಾತನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆದೆ. ಪುಡಿ ಪೂರೈಸುವವರು ಚೀಲದ ಜೊತೆ ಒಂದು ಸೂಚನಾ ಹಾಳೆ ಕಳಿಸುತ್ತಿದ್ದರು. ಇದರ ಧೂಳನ್ನು ಉಸಿರಾಡಿದರೆ ಕೆಲವರಿಗೆ ದಮ್ಮು ಹತ್ತಬಹುದು, ಒಮ್ಮೆ ಹತ್ತಿದವರನ್ನು ಧೂಳಿನಿಂದ ಪೂರ್ತಿ ದೂರ ಇಡಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಾನು ಓದಿದ್ದೆ. ಓದಿ ಮೇಜಿನ ಖಾನೆಯಲ್ಲಿ ಇಟ್ಟಿದ್ದೆ. ನೀರನ್ನೂ ಸೋಸಿ ಕುಡಿಯುವ ಮನೆಯಲ್ಲಿ ಹುಟ್ಟಿದವನು ನಾನು, ಆ ಹೆಂಗಸಿನ ಮೂಗಿಗೆ ಒಂದು ಒಳ್ಳೆಯ ಮುಸುಕು ತರಿಸಲಿಲ್ಲ.

ಆ ಚಳಿಗಾಲದಲ್ಲಿ ಮಂಗಲಕ್ಕ ಜರಡಿಯ ಮೇಲೇ ಬಿದ್ದಳು. ತುಟಿ ನೀಲಿಯಾಗಿತ್ತು. ಕಾರಖಾನೆಯ ಟೆಂಪೋದಲ್ಲಿ ಮಿರಜದ ದವಾಖಾನೆಗೆ ಒಯ್ದೆವು. ನಮ್ಮ ಮಿರಜದಲ್ಲಿ ಮನೆಗಿಂತ ದವಾಖಾನೆ ಹೆಚ್ಚು, ಹಾಗಾಗಿ ಬದುಕಿದಳು. ಅಲ್ಲಿಯ ಡಾಕ್ಟರು ಒಬ್ಬ ಹೆಣ್ಣುಮಗಳು, ಸ್ವಲ್ಪ ಕನ್ನಡ, ಸ್ವಲ್ಪ ಮರಾಠಿ ಮಾತಾಡುವವರು. ನನ್ನನ್ನು ಹೊರಗೆ ಕರೆದು ಕೇಳಿದರು: "ಇವರು ಏನು ಕೆಲಸ ಮಾಡತಾರ, ಯಾವ ವಸ್ತು ಮುಟ್ಟತಾರ, ಒಂದು ಕಾಗದದ ಮ್ಯಾಲೆ ಬರದು ಕೊಡ್ರಿ. ಅದರ ಮ್ಯಾಲೆ ನಾ ಮುಂದಿಂದು ಠರಾಯಿಸ್ತೀನಿ."

ಮರುದಿನ ಮಾಲಕರ ಖೋಲಿಯಲ್ಲಿ ಅವರು, ಕುಲಕರ್ಣಿ ಸಾಹೇಬರು, ನಾನು ಮೂವರು ಕುಳಿತೆವು. ಮುಂದಿನ ವಾರ ದೊಡ್ಡ ಗಿರಾಕಿಯೊಬ್ಬರು ಕಾರಖಾನೆ ತಪಾಸಣೆಗೆ ಬರುವವರಿದ್ದರು. ಮಾಲಕರು ಎಂದೂ ದನಿ ಏರಿಸುವವರಲ್ಲ. ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: ರಾಳದ ಮಣಿ ಅಂತ ಬರಿ, ಸಾಕು, ಕಿಣ್ವ ನಮ್ಮ ಗುಟ್ಟು, ಅದನ್ನು ದವಾಖಾನೆಗೆ ಯಾಕೆ ಹೇಳಬೇಕು?

ಕುಲಕರ್ಣಿ ಸಾಹೇಬರು ಆ ಹೊತ್ತಿಗೆ ನಿವೃತ್ತಿಯ ಅಂಚಿನಲ್ಲಿದ್ದರು. ಹೊರಗೆ ಬಂದ ಮೇಲೆ ನನ್ನ ಹೆಗಲು ಹಿಡಿದರು. "ಚೌಗುಲೆ, ಆಸಿಡ್ ಸುಟ್ಟರ ಮೈಮ್ಯಾಲೆ ಕಲಿ ಉಳೀತದ, ಎಲ್ಲಾರಿಗೂ ಕಾಣತದ. ನಿನ್ನ ಈ ಪುಡಿ ಒಳಗ ಸುಡತದ. ಖರೇ ಏನದ ಅದನ್ನ ಬರಿ."

ಅವರು ಜೀವಮಾನವಿಡೀ ನನ್ನನ್ನು ಗೇಲಿ ಮಾಡಿದವರು. ಆ ಒಂದು ದಿನ ಗೇಲಿ ಮಾಡಲಿಲ್ಲ. ನನಗೆ ಸಿಟ್ಟು ಬಂತು. ಆಮ್ಲದ ಮುದುಕನಿಗೆ ನನ್ನ ಪದ್ಧತಿ ಬಿದ್ದರೆ ಸಾಕಾಗಿದೆ ಎಂದುಕೊಂಡೆ. ಮಾಲಕರ ಮೇಲೆ ಹಾಕಿ ನಾನು ಕೈತೊಳೆದುಕೊಳ್ಳಬಹುದಿತ್ತು, ಬಹಳ ವರ್ಷ ಹಾಗೆಯೇ ಮಾಡಿದೆ ಕೂಡ. ಆದರೆ ಆ ಮಣಿಯ ಕೆಲಸ ನನ್ನದು. ಅದರಿಂದ ಒಬ್ಬಳಿಗೆ ದಮ್ಮು ಬಂತೆಂದು ಬರೆದರೆ ಖೋಲಿ ಬಂದ್ ಆಗುತ್ತದೆ, ಮತ್ತೆ ಗಂಧಕಾಮ್ಲಕ್ಕೆ ಹೋಗುತ್ತೇವೆ ಎಂಬ ಹೆದರಿಕೆ ನನ್ನದೇ ಆಗಿತ್ತು.

ಬರೆದೆ. ಮೂರು ವಾಕ್ಯ. ಇವರು ರಾಳದ ಮಣಿಗಳನ್ನು ಸೋಸುವ ಕೆಲಸ ಮಾಡುತ್ತಾರೆ. ಈ ರಾಳದಿಂದ ಅಪಾಯವಿಲ್ಲ. ಇದಕ್ಕೂ ಮೊದಲು ಇವರು ಹಲವು ವರ್ಷ ಹಳದಿ ಸ್ವಚ್ಛ ಮಾಡುವ ಕೆಲಸದಲ್ಲಿದ್ದರು. ಮೂರರಲ್ಲಿ ಒಂದು ವಾಕ್ಯವೂ ಸುಳ್ಳಲ್ಲ, ಬೇಕಾದರೆ ದೇವರ ಮುಂದೆ ಆಣೆ ಮಾಡಬಹುದಿತ್ತು. ಕೆಳಗೆ ನನ್ನ ಹೆಸರು, ಪದವಿ, ಕಾರಖಾನೆಯ ಶಿಕ್ಕಾ.

ಅವಳ ಚೀಟಿಯಲ್ಲಿ ಹಳದಿ ಧೂಳಿನ ಹಳೆಯ ತೊಂದರೆ ಎಂದು ಬಂತು. ಗುಳಿಗೆ, ಬಾಯಿಗೆ ಹಿಡಿದು ಎಳೆಯುವ ಪಂಪು ಕೊಟ್ಟರು. ಹದಿನೈದು ದಿನಕ್ಕೆ ಮಂಗಲಕ್ಕ ಅದೇ ಖೋಲಿಗೆ ವಾಪಸು ಬಂದಳು. ಇನ್ನೂ ಎರಡು ವರ್ಷ ಅಲ್ಲೇ ಕುಳಿತಳು. ಮೊದಲು ಚೀಲ ಬಿಚ್ಚಿದಾಗಷ್ಟೇ ಬರುತ್ತಿದ್ದ ದಮ್ಮು ಆಮೇಲೆ ಊದುಬತ್ತಿಗೆ, ಒಗ್ಗರಣೆಗೆ, ತಣ್ಣನೆಯ ಗಾಳಿಗೂ ಬರತೊಡಗಿತು. ಸೂಟಿಯ ದಿನವೂ ಬಿಡದಾಯಿತು. ಬೇಗ ಹೊರಗೆ ತೆಗೆದಿದ್ದರೆ ಬಹುಶಃ ಇಷ್ಟಕ್ಕೆ ಬರುತ್ತಿರಲಿಲ್ಲ. ಕೊನೆಗೆ ತಾನೇ ಕೆಲಸ ಬಿಟ್ಟಳು. ಸೇತುವೆಯ ಏರು ಹತ್ತಲು ಆಗುವುದಿಲ್ಲ ಎಂದು ಹೇಳಿ ಕಳಿಸಿದಳು. ಅವಳ ಜಾಗಕ್ಕೆ ಬಂದ ಇಬ್ಬರೂ ವರ್ಷ ತುಂಬುವ ಮೊದಲೇ ಹೋದರು. ನಾನು ಕಾರಣ ಕೇಳಲಿಲ್ಲ.

ಆಮೇಲೆ ಖೋಲಿ ಮುಚ್ಚಿತು. ಯಾರಿಗೂ ಬುದ್ಧಿ ಬಂದು ಅಲ್ಲ. ಕಿಣ್ವ ಕೂಡಿಸಿದ ಮಣಿಯನ್ನೇ ಹಸಿಯಾಗಿ ಡಬ್ಬಿಯಲ್ಲಿ ತುಂಬಿ ಮಾರುವವರು ಸಿಕ್ಕರು; ನಾವೇ ಮಾಡುವುದಕ್ಕಿಂತ ಅದು ಸೋವಿಯಾಯಿತು. ಒಂದು ಬೆಳಿಗ್ಗೆ ಜರಡಿಗಳನ್ನು ಗುಜರಿಗೆ ಹಾಕಿದರು. ನನ್ನ ಜೀವಮಾನದ ಪದ್ಧತಿ ಹೋದದ್ದು ಹಾಗೆ. ಅದಕ್ಕಾಗಿ ಒಬ್ಬಳ ಉಸಿರು ಅಡವಿಟ್ಟಿದ್ದೆ.

ಹೋದ ವರ್ಷ ಹೆಂಡತಿಯ ಕಣ್ಣು ತೋರಿಸಲು ಮಿರಜದ ದವಾಖಾನೆಗೆ ಹೋಗಿದ್ದೆ. ಸಾಲಿನಲ್ಲಿ ಮಂಗಲಕ್ಕ ಕುಳಿತಿದ್ದಳು. ಮೈ ಇಳಿದಿತ್ತು, ಕತ್ತಿನ ನರ ಒಂದೊಂದು ಉಸಿರಿಗೂ ಎದ್ದು ಕಾಣುತ್ತಿತ್ತು. ನನ್ನನ್ನು ನೋಡಿದಳು. ನೋಡಿ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಮೂರನೆಯ ದಿನ ಸಾಂಗ್ಲಿವಾಡಿಗೆ ಹೋದೆ.

ಅವಳು ಪಡಸಾಲೆಯಲ್ಲಿ ಗೋಡೆಗೊರಗಿ ಕುಳಿತಿದ್ದಳು. ಎಷ್ಟಾದರೂ ಮನೆಗೆ ಬಂದವನು. "ಬರ್ರಿ, ಕುಂದ್ರಿ," ಎಂದಳು. ಮಗಳು ನೀರು ಕೊಟ್ಟು ಒಳಗೆ ಹೋದಳು. ನಾನು ಸುತ್ತಿ ಬಳಸದೆ ಹೇಳಿದೆ: ಆ ಪುಡಿಯಿಂದಲೇ ದಮ್ಮು ಬಂದದ್ದು, ನನಗೆ ಗೊತ್ತಿತ್ತು, ಡಾಕ್ಟರಿಗೆ ಬರೆದ ಕಾಗದದಲ್ಲಿ ನಾನು ಅದನ್ನು ಬಿಟ್ಟೆ.

ಅವಳು ಪಂಪು ಬಾಯಿಗೆ ಹಿಡಿದು ಒಮ್ಮೆ ಎಳೆದು, ಉಸಿರು ಕೂಡಿಸಿಕೊಂಡಳು.

"ನನಗ ಗೊತ್ತೈತ್ರಿ. ಡಾಕ್ಟರ ಬಾಯಾರು ನನ್ನ ಮುಂದ ನಿಮ್ಮ ಕಾಗದ ಓದಿದ್ರು. ನಾ ಅಂದೆ, ಇದರಾಗ ಪುಡಿ ಮಾತಽ ಇಲ್ಲಲ್ರಿ, ನಾ ದಿನಾ ಪುಡಿ ಚೀಲ ಬಿಚ್ಚತೇನಿ ಅಂತ. ಅವರು ಅಂದ್ರು, ನಿಮ್ಮ ಸಾಹೇಬ್ರು ಕಲತಾವ್ರು ಅದಾರ, ಶಿಕ್ಕಾ ಹಾಕಿ ಕೊಟ್ಟಾರ, ಪುಡಿ ಇದ್ರ ಬರೀತಿದ್ರು ಅಂತ." ಅವಳು ಮಾತು ನಿಲ್ಲಿಸಿ ಉಸಿರೆಳೆದಳು. ಎದೆಯೊಳಗೆ ಸೀಟಿಯ ಸದ್ದು ನನಗೂ ಕೇಳುತ್ತಿತ್ತು. "ನಾ ಹೇಳಿದ್ದು ಸುಳ್ಳಾತು. ಈಗೂ ದವಾಖಾನಿಗೆ ಹೋದ್ರ, ಹಳದಿ ಬಾಯಾರು ಬಂದ್ರು ಅಂತಾರ. ಮನ್ಯಾಗ ನನ್ನ ಗಂಡನೂ ಹಂಗಽ ಅಂತಾನ, ನಿನಗ ಕಾರಖಾನಿ ಅನ್ನ ಹಾಕಿತ್ತು, ಅದಕ್ಕ ಕೆಟ್ಟ ಹೆಸರ ತರಬ್ಯಾಡ ಅಂತ."

"ನಾನು ಏನು ಮಾಡ್ಲಿ, ಮಂಗಲಕ್ಕ?"

"ಏನ್ ಮಾಡ್ತೀರಿ? ಬರೀರಿ. ಅವತ್ತ ಬರದಂಗ ಬರೀರಿ. ಖರೇ ಬರೀರಿ."

ಮಗಳು ಶಾಲೆಯ ಹಳೆಯ ವಹಿಯಿಂದ ಒಂದು ಹಾಳೆ ಹರಿದು ತಂದಳು. ನಾನು ಮರಾಠಿಯಲ್ಲಿ ಬರೆಯುತ್ತ, ಒಂದೊಂದು ವಾಕ್ಯವನ್ನೂ ಕನ್ನಡದಲ್ಲಿ ಓದಿ ಹೇಳಿದೆ. ಲೈಪೇಸ್ ಎಂಬ ಕಿಣ್ವದ ಒಣ ಪುಡಿ. ಗಾಳಿಯಾಡದ ಖೋಲಿ. ಪಂಖಾ ಬಂದ್ ಮಾಡಿಸಿದವನು ನಾನು. ಸೂಚನಾ ಹಾಳೆ ಓದಿದವನು ನಾನು. 'ಅವರಿಗೆ ಸ್ವಲ್ಪ ತ್ರಾಸ ಶುರುವಾಯಿತು' ಎಂದು ಓದಿದಾಗ ಅವಳು ಕೈಯೆತ್ತಿ ತಡೆದಳು.

"ಸ್ವಲ್ಪ ಅನ್ನೂದು ತಗೀರಿ."

ತೆಗೆದೆ. ಕೆಳಗೆ ಹೆಸರು ಬರೆದೆ. ಪದವಿಯಿಲ್ಲ, ಶಿಕ್ಕಾ ಇಲ್ಲ. ತಾರೀಖಿನ ಜಾಗ ಉಳಿದಿತ್ತು. ಹಳೆಯ ಕಾಗದದ ಬದಲಿಗೆ ಇದನ್ನು ಇಡಬೇಕಾದರೆ ಹಳೆಯ ತಾರೀಖೇ ಇರಲಿ ಎಂದು ಒಂದು ಕ್ಷಣ ಅನ್ನಿಸಿ, ಅವಳನ್ನೇ ಕೇಳಿದೆ.

"ಅವತ್ತಿನ ತಾರೀಖ ಹಾಕಿದ್ರ, ಅವತ್ತಿನ ಉಸರು ವಾಪಸ್ ಬರತೈತೇನ್ರಿ, ಸಾಹೇಬ್ರ?" ಎಂದಳು ಮಂಗಲಕ್ಕ. "ಇವತ್ತಿಂದ ಹಾಕ್ರಿ. ಎಷ್ಟ ತಡಾ ಮಾಡಿ ಬರದ್ರಿ ಅನ್ನೂದು ಅವರಿಗೂ ತಿಳೀಲಿ."

ಇವತ್ತಿನದನ್ನೇ ಹಾಕಿದೆ.